ಘಟ್ಟದ ದಾರಿಯೂ ಬೈಸಿಕಲ್ಲೂ

ಇಟಲಿಯ ಸ್ಟೆಲ್ವಿಯೋ ಘಟ್ಟದ ರಸ್ತೆಯು 1825ರಲ್ಲಿ ಪೂರ್ಣವಾದುದು. ಎತ್ತರವು 2,700 ಮೀಟರಿಗೂ ಮಿಗಿಲು. ಒಂದು ಮಗ್ಗುಲಿನಲ್ಲಿಯೇ 48 ತಿರುವುಗಳು. ವರ್ಷಕ್ಕೊಂದು ದಿನ ಅಲ್ಲಿ ಮೋಟಾರು ವಾಹನಗಳನ್ನು ತಡೆದು ದಾರಿಯನ್ನು ಬೈಸಿಕಲ್ ಸವಾರರಿಗೆ ಬಿಟ್ಟುಕೊಡುತ್ತಾರೆ.

ನಮ್ಮಲ್ಲಿಯೂ ಇಂತಹ ದಾರಿಗಳಿಗೆ ಕೊರತೆಯಿಲ್ಲ. ಮಂಗಳೂರಿನ ಲಾರಿಗಳು ಬಹುಮಟ್ಟಿಗೆ ಶಿರಾಡಿಯನ್ನು ಹಿಡಿಯುವುದರಿಂದ, ಸುಬ್ರಹ್ಮಣ್ಯಕ್ಕಿಳಿಯುವ ಬಿಸಿಲೆ ಘಾಟಿಯು ಕಾಡಿನ ಮೌನವನ್ನು ಇನ್ನೂ ಉಳಿಸಿಕೊಂಡಿದೆ. ಆದರೆ ಮಳೆಗಾಲದಲ್ಲಿ ಶಿರಾಡಿಯ ಗುಡ್ಡ ಕುಸಿದರೆ ಆ ವಾಹನಗಳ ಭಾರವು ಇದರ ಮೇಲೂ ಬೀಳುವುದು. ಒಡನೆಯೇ ರಸ್ತೆಯನ್ನು ಅಗಲಿಸಬೇಕೆಂಬ ಕೂಗೂ ಏಳುವುದು. ಅಗಲಿಸಿದ ಮೇಲೆ ಹೋದ ಮೌನವು ಮರಳಿ ಬಾರದು.

ಮಳೆ ನಿಂತ ಮೇಲಿನ ಒಂದು ಭಾನುವಾರದ ಬೆಳಗ್ಗೆ, ಊರವರ ಮತ್ತು ರೋಗಿಗಳ ವಾಹನಗಳಿಗೆ ಅಡ್ಡಿಯಾಗದಂತೆ, ಬಿಸಿಲೆಯನ್ನು ಬೈಸಿಕಲ್ಲಿಗೆ ಬಿಟ್ಟು ನೋಡಲಿ. ಇದಕ್ಕೆ ಬೊಕ್ಕಸದ ಹಣ ಬೇಡ. ಸರ್ಕಾರದವರ ಒಂದು ಆಜ್ಞೆ ಸಾಕು.