ಕೊಲ್ಲುವ ಹಕ್ಕು, ಪರೀಕ್ಷಿಸುವ ಹೊಣೆ

ನವೆಂಬರ್ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಯ ಸಂಭ್ರಮ. ಅಲ್ಲಿನ ಕಾಡುಜಿಂಕೆಗಳಲ್ಲಿ ಮಿದುಳನ್ನು ಕೊರೆಯುವ ಪ್ರಿಯಾನ್ ರೋಗ 2002ರಲ್ಲೇ ಪತ್ತೆಯಾಯಿತು. ಅದಕ್ಕೆ ಮದ್ದಿಲ್ಲ, ಲಸಿಕೆಯಿಲ್ಲ. ಬೇಯಿಸಿದರೂ ಸಾಯದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದೀತು. ಸೋಂಕು ತಗುಲಿದ ಜಿಂಕೆ ಬಹುಕಾಲ ಆರೋಗ್ಯವಂತವಾಗಿಯೇ ಕಾಣುತ್ತದೆ. ಸರ್ಕಾರವೇ ಉಚಿತವಾಗಿ ಪರೀಕ್ಷಿಸುತ್ತದೆ. ಆದರೂ ಪರೀಕ್ಷೆ ಬೇಟೆಗಾರನ ಇಚ್ಛೆಗೆ ಬಿಟ್ಟದ್ದು.

ಮನುಷ್ಯರಿಗೆ ತಗುಲಿದ ಪುರಾವೆಯಿಲ್ಲವೆಂಬುದು ಅದರ ಸಮರ್ಥನೆ. ಪುರಾವೆಯಿಲ್ಲ, ನಿಜ. ಆದರೆ ಬ್ರಿಟನ್ನಿನ ಹುಚ್ಚುಹಸು ರೋಗದ ಬಗೆಗೂ 1996ರವರೆಗೆ ಇದೇ ಅಭಯವಿತ್ತು. ಆ ವರ್ಷ ಅದು ಕುಸಿಯಿತು. ಪುರಾವೆಗಾಗಿ ಕಾಯುವುದೆಂದರೆ ಮೊದಲ ಹೆಣಕ್ಕಾಗಿ ಕಾಯುವುದು. ಬೇಟೆಯನ್ನು ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ಕೊಲ್ಲುವ ಹಕ್ಕನ್ನು ಕೇಳುವವರು, ಕೊಂದುದನ್ನು ಪರೀಕ್ಷಿಸುವ ಹೊಣೆಯನ್ನೂ ಕಾನೂನಿನಂತೆ ಹೊರಲಿ.