ಬೇಲಿ ಹಾಕಿ, ಬಂಡಿದಾರಿ ಮುಚ್ಚಬೇಡಿ

ಕೆಂಕೆರೆ ಮತ್ತು ಸುತ್ತಲಿನ ಹಳ್ಳಿಗಳ ಬಂಧುಗಳಲ್ಲಿ ಕಣ್ಣು ಕಾಣದವರ ಮನವಿ



ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುತ್ತೀರಿ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಒಳಗೆ ಗಿಟಕು ಲೊಟಲೊಟ ಎಂದರೆ ಸುಲಿಯಲು ಹಾಕುತ್ತೀರಿ, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೇ. ಕಿವಿಯನ್ನು ನಂಬಿ ದುಡಿಯುವುದು ನಮ್ಮ ಸೀಮೆಗೆ ಹೊಸದಲ್ಲ.

ಕಣ್ಣು ಕಾಣದ ನಾವು ಕಂಪ್ಯೂಟರ್, ಮೊಬೈಲ್ ಬಳಸುವುದೂ ಕಿವಿಯಿಂದಲೇ. ಅದಕ್ಕೆ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. ಪರದೆಯ ಮೇಲಿನ ಅಕ್ಷರವನ್ನು ಅದು ಗಟ್ಟಿಯಾಗಿ ಓದುತ್ತದೆ. ಕಂಪ್ಯೂಟರ್‌ಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್, ಜೇಮ್ಸ್ ತೆ ಎಂಬ ಇಬ್ಬರು ಅಂಧ ಗೆಳೆಯರು ಕಟ್ಟಿ ಬೆಳೆಸಿದ ಈ ತಂತ್ರಾಂಶ 2006ರಿಂದಲೂ ಉಚಿತ. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಎರಡೂ ಕನ್ನಡ ಓದುತ್ತವೆ. ಅಂದರೆ ಸಾಧನ ನಮ್ಮ ಕೈಯಲ್ಲಿದೆ. ಮುಚ್ಚಿರುವುದು ದಾರಿ.

ಹೇಗೆ ಮುಚ್ಚಿದೆ ಕೇಳಿ. ನಮ್ಮ ಪೈಕಿ ಒಬ್ಬರು ತಮ್ಮ ಅರ್ಜಿ ಎಲ್ಲಿಗೆ ಬಂತೆಂದು ತಿಳಿಯಲು ಒಂದು ಜಾಲತಾಣ ತೆರೆದರು. ಕಂಪ್ಯೂಟರ್ ಹೇಳಿತು: "ಫ್ರೇಮ್." ಮುಂದಕ್ಕೆ ಹೋದರೆ ಮತ್ತೆ "ಫ್ರೇಮ್." ಇನ್ನೊಂದು, "ಫ್ರೇಮ್." ಪುಟವನ್ನು ಮೂರು ಚೌಕಟ್ಟುಗಳಾಗಿ ಒಡೆದಿದ್ದರು: ಮೇಲೆ ಲಾಂಛನ, ಎಡಕ್ಕೆ ಪಟ್ಟಿ, ಬಲಕ್ಕೆ ವಿಷಯ. ಯಾವುದಕ್ಕೂ ಹೆಸರಿಟ್ಟಿರಲಿಲ್ಲ. ಟ್ಯಾಬ್ ಕೀಲಿ ಒತ್ತುತ್ತಾ ಒತ್ತುತ್ತಾ ಕೊನೆಗೆ "ಅರ್ಜಿಯ ಸ್ಥಿತಿ" ಸಿಕ್ಕಿತು. ಎಂಟರ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಆಗಲೂ ಸದ್ದಿಲ್ಲ. ಯಂತ್ರ ಕೆಟ್ಟಿತೆಂದು ಕೈಬಿಟ್ಟರು. ಪಕ್ಕದಲ್ಲಿ ಕೂತಿದ್ದ ಹುಡುಗ ಹೇಳಿದ: "ಅಣ್ಣ, ಆಗಲೇ ಬಂದೈತಲ್ಲ, ಇಲ್ಲೇ ಬಲಗಡೆ!"

ಉತ್ತರ ಬಂದಿತ್ತು, ಬೇರೆ ಚೌಕಟ್ಟಿನಲ್ಲಿ ಬಂದಿತ್ತು. ಕಣ್ಣಿದ್ದವರಿಗೆ ಒಂದೇ ನೋಟಕ್ಕೆ ಕಾಣುವ ಬದಲಾವಣೆಯನ್ನು ಆ ಪುಟ ಕಿವಿಗೆ ಹೇಳಲೇ ಇಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಎಂ ಕೀಲಿ ಒತ್ತಿದರೆ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹಾರಬಹುದು. ಆದರೆ ಹಾರಿ ಬಿದ್ದದ್ದು ಎಲ್ಲಿಗೆ ಎಂದು ತಿಳಿಯಲು ಅದಕ್ಕೊಂದು ಹೆಸರು ಬೇಡವೇ? ಹೆಸರಿಲ್ಲದ ಮೂರು ಬಾಗಿಲ ಮುಂದೆ ನಿಲ್ಲಿಸಿ "ನಿಮ್ಮ ಮನೆ ಹುಡುಕಿಕೊಳ್ಳಿ" ಎಂದರೆ ಹೇಗೋ ಹಾಗೆ.

ಇದು ಓದುಬರಹ ಬಲ್ಲ ನಾಲ್ಕು ಜನರ ತಾಪತ್ರಯ ಎಂದುಕೊಳ್ಳಬೇಡಿ. ಪಹಣಿ ಕಂಪ್ಯೂಟರಿನಲ್ಲಿದೆ. ರೈತರ ನೋಂದಣಿಯ ಫ್ರೂಟ್ಸ್ ನಂಬರ್ ಕಂಪ್ಯೂಟರಿನಲ್ಲಿದೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ, ಮಾಸಾಶನ, ಮಕ್ಕಳ ಪರೀಕ್ಷೆಯ ಫಲಿತಾಂಶ, ಬ್ಯಾಂಕ್ ಖಾತೆ ಎಲ್ಲವೂ ಅಲ್ಲೇ. ಆ ಬಾಗಿಲು ನಮಗೆ ತೆರೆಯದಿದ್ದರೆ ಇನ್ನೊಬ್ಬರ ಕೈಗೆ ಮೊಬೈಲ್ ಕೊಡಬೇಕು, ಪಾಸ್‌ವರ್ಡ್ ಹೇಳಬೇಕು, ಓಟಿಪಿ ಓದಿಸಬೇಕು. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನಾ ಎಚ್ಚರಿಸುತ್ತಾರೆ. ನಮಗೆ ಮಾತ್ರ ಹೇಳದೆ ವಿಧಿಯಿಲ್ಲ. ಮೊಬೈಲ್ ಹಿಡಿದವರು ಒಳ್ಳೆಯವರಾದರೆ ಪುಣ್ಯ. ಅಲ್ಲದಿದ್ದರೆ ವರ್ಷದ ಕೊಬ್ಬರಿ ದುಡ್ಡು ಒಂದೇ ಗಳಿಗೆಯಲ್ಲಿ ಹೋಗುತ್ತದೆ.

ಇದನ್ನು ಸರಿಪಡಿಸುವುದು ಕಷ್ಟವೇ? ಅಲ್ಲ. ಪ್ರತಿ ಚೌಕಟ್ಟಿಗೂ ಹೆಸರಿಡಿ ಎಂದು ಜಾಲಲೋಕದ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲೇ ಹೇಳಿದೆ. 2014ರಲ್ಲಿ ಬಂದ ಎಚ್‌ಟಿಎಂಎಲ್5 ಹಳೆಯ ಫ್ರೇಮ್ ಪದ್ಧತಿಯನ್ನೇ ಕೈಬಿಟ್ಟಿದೆ. ಪುಟದೊಳಗೆ ಪುಟ ಕೂರಿಸುವ ಐಫ್ರೇಮ್ ಮಾತ್ರ ಉಳಿದಿದೆ. ಅದಕ್ಕೆ ಹೆಸರಿಡಲು ಒಂದು ಸಾಲು ಸಾಕು. ಸರ್ಕಾರಿ ಜಾಲತಾಣ ಎಲ್ಲರೂ ಬಳಸುವಂತಿರಬೇಕೆಂಬ ಮಾರ್ಗಸೂಚಿ ನಮ್ಮ ದೇಶದಲ್ಲಿ 2009ರಿಂದಲೂ ಇದೆ.

ಕಾನೂನೂ ನಮ್ಮ ಪರವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರದು. 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ ಅದರ 42ನೇ ಕಲಂ. ಅಧಿನಿಯಮ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಎನ್ನುತ್ತದೆ 89ನೇ ಕಲಂ. ಸೇವೆಗಳು ಎಲ್ಲರಿಗೂ ಎಟುಕಬೇಕೆನ್ನುವ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು: ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಜಾಲತಾಣವನ್ನು ಪರೀಕ್ಷಿಸುವಾಗ ಅಂಧರನ್ನೂ ಸೇರಿಸಿಕೊಳ್ಳಬೇಕು.

ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ತೋಟಕ್ಕೆ ಬೇಲಿ ಹಾಕುವುದು ತೋಟದವನ ಇಷ್ಟ. ಬಂಡಿದಾರಿ ಮುಚ್ಚಿದರೆ ಊರು ಸುಮ್ಮನಿರುವುದಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ ತೀರದಿದ್ದರೆ ತಹಶೀಲ್ದಾರರ ಬಳಿಗೂ ಹೋಗುತ್ತದೆ. ಜಾಲತಾಣದ ದಾರಿಯೂ ಬಂಡಿದಾರಿಯೇ.

ನಮ್ಮ ಬೇಡಿಕೆಗಳು

1. ಸರ್ಕಾರಿ ಇಲಾಖೆ, ಬ್ಯಾಂಕು, ಸಹಕಾರ ಸಂಘ, ಮಾರುಕಟ್ಟೆ ಸಮಿತಿಗಳ ಜಾಲತಾಣದಲ್ಲಿ ಹಳೆಯ ಫ್ರೇಮ್ ಪುಟಗಳನ್ನು ತೆಗೆಯಿರಿ. ಐಫ್ರೇಮ್ ಇರಲೇಬೇಕಾದರೆ ಒಳಗೇನಿದೆ ಎಂದು ತಿಳಿಯುವ ಹೆಸರಿಡಿ.

2. ಪುಟಕ್ಕೆ ಸರಿಯಾದ ತಲೆಬರಹಗಳಿರಲಿ. ಪಟ್ಟಿಯನ್ನು ದಾಟಿ ನೇರ ವಿಷಯಕ್ಕೆ ಹೋಗುವ ಕೊಂಡಿ ಮೊದಲಲ್ಲೇ ಇರಲಿ. ಪುಟದಲ್ಲಿ ಏನಾದರೂ ಬದಲಾದರೆ ಅದು ಕಿವಿಗೂ ಬೀಳಲಿ.

3. ಕನ್ನಡ ಯೂನಿಕೋಡ್‌ನಲ್ಲಿರಲಿ. ಹಳೆಯ ಫಾಂಟಿನ ಅಕ್ಷರವನ್ನು ಯಂತ್ರ ಅರ್ಥವಿಲ್ಲದ ಗುರುತುಗಳಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಆದೇಶ ನಮ್ಮ ಪಾಲಿಗೆ ಬರೀ ಚಿತ್ರ. ಪುಟ ಕನ್ನಡದ್ದೆಂದು ಕೋಡ್‌ನಲ್ಲೂ ನಮೂದಿಸಿ.

4. ವಕ್ರವಕ್ರ ಅಕ್ಷರ ತೋರಿಸಿ ಟೈಪ್ ಮಾಡಿ ಎನ್ನುವ ಕಡೆ, ಕೇಳಿ ಬರೆಯುವ ದಾರಿಯನ್ನೂ ಕೊಡಿ. ಅರ್ಜಿಯ ಪ್ರತಿ ಖಾನೆಗೂ ಹೆಸರಿರಲಿ.

5. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರಿಗೆ ಮೀಸಲಾದ ಶೇ 5ರ ಹಣದಿಂದ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್ ಕೊಡಿ. ಎನ್‌ವಿಡಿಎಗೆ ಪೈಸೆ ಖರ್ಚಿಲ್ಲ.

ನೀವು ಮಾಡಬೇಕಾದ್ದು

ಇವತ್ತೇ ನಿಮ್ಮ ಮೊಬೈಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕಣ್ಣು ಮುಚ್ಚಿಕೊಂಡು ನಿಮ್ಮದೇ ಪಹಣಿ ಹುಡುಕಿ ನೋಡಿ. ಐದು ನಿಮಿಷ ಸಾಕು, ನಮ್ಮ ಕಷ್ಟ ನಿಮಗೆ ತಿಳಿಯುತ್ತದೆ.

ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ, ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವ ನಮ್ಮೂರ ಮಕ್ಕಳೇ, ನೀವು ಕಟ್ಟುವ ಪುಟವನ್ನು ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀಲಿಯಲ್ಲಿ ನಡೆದು ನೋಡಿ. ನೀವು ಎಡವಿದ ಕಡೆ ನಾವು ಬಿದ್ದಿರುತ್ತೇವೆ.

ಉಳಿದವರು ಮುಂದಿನ ಗ್ರಾಮಸಭೆಗೆ ಬನ್ನಿ. ಈ ಐದು ಬೇಡಿಕೆಗಳು ನಿರ್ಣಯವಾಗಿ ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಎದ್ದು ಹೋಗಬೇಡಿ. ಯಾವ ಪುಟ ಓದುವುದಿಲ್ಲವೋ ಅದರ ಹೆಸರು, ದಿನಾಂಕ ಬರೆದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಕೊಡಿ. ಅಲ್ಲಿ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಎಲ್ಲರೂ ಸೇರಿ ದೂರು ಬರೆಯೋಣ.

ಕೊನೆಯದಾಗಿ ಒಂದು ಮಾತು. ಈ ಕರಪತ್ರವೂ ಕಾಗದದ್ದು, ಯಾರಿಗಾಗಿ ಅಚ್ಚಾಗಿದೆಯೋ ಅವರಿಗೇ ಓದಲಾಗದ್ದು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕಣ್ಣು ಕಾಣದವರಿದ್ದರೆ, ಇದನ್ನು ಮಡಿಚಿಡುವ ಮೊದಲು ಅವರ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿ. ಗ್ರಾಮಸಭೆಗೆ ಅವರನ್ನೂ ಜೊತೆಗೆ ಕರೆತನ್ನಿ.

ಇಂತಿ,
ಕೆಂಕೆರೆ ಸುತ್ತಲಿನ ಕಣ್ಣು ಕಾಣದವರು ಮತ್ತು ಅವರ ಮನೆಯವರು