ಮನೆಯಲ್ಲಿ ಏನು ಕೊಟ್ಟಿರಿ?

ಕಳೆದ ಮಳೆಗಾಲದಲ್ಲಿ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಏಳು ತಿಂಗಳ ಮೊಮ್ಮಗನಿಗೆ ಜ್ವರ ಬಂದು, ಎರಡನೆಯ ದಿನ ಮಗುವು ಮಂಕಾಗಿ ಹಾಲನ್ನೂ ಬಿಟ್ಟಿತು. ನಗರದ ಒಂದು ಆಸ್ಪತ್ರೆಗೆ ಕೊಂಡೊಯ್ದೆವು. ಅಲ್ಲಿ ಇನ್ನೂ ಅಭ್ಯಾಸದಲ್ಲಿದ್ದ ತರುಣ ವೈದ್ಯನೊಬ್ಬನು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ, “ನಾಟಿ ಔಷಧ ಗಿವುಷಧ ಏನೂ ಕೊಟ್ಟಿಲ್ಲ ತಾನೆ?” ಎಂದನು. ನಮ್ಮ ಮನೆಯಾಕೆಯು “ಇಲ್ಲಪ್ಪ” ಎಂದರು. ಆ ಬೆಳಿಗ್ಗೆಯೇ ಅವರು ಬಜೆಯನ್ನು ತೇಯ್ದು, ಜೇನಿನಲ್ಲಿ ಕಲಸಿ, ಮಗುವಿಗೆ ನೆಕ್ಕಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೆವು. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಸತ್ಯದ ಪಾಠ ಹೇಳಿದ ನಾವೂ ಸುಮ್ಮನೆ ನಿಂತೆವು. ಬೇಕಾದ ಉತ್ತರವನ್ನು ಪ್ರಶ್ನೆಯಲ್ಲಿಯೇ ಇಟ್ಟು ಕೇಳುವ ಉಪಾಧ್ಯಾಯನಿಗೆ ಆ ಉತ್ತರವೇ ದೊರೆಯುವುದಷ್ಟೆ.

ಅರ್ಧ ಗಂಟೆಯ ತರುವಾಯ ಹಿರಿಯ ವೈದ್ಯೆಯೊಬ್ಬರು ಐದಾರು ಮಂದಿ ವಿದ್ಯಾರ್ಥಿಗಳೊಡನೆ ಬಂದರು. ಮಗುವಿನ ನೆತ್ತಿಯನ್ನು ಮುಟ್ಟಿ ನೋಡುತ್ತಲೇ, “ಅಜ್ಜೀ, ನಮ್ಮ ಮನೆಯಲ್ಲಿ ಬಜೆ ತೇಯುತ್ತಿದ್ದರು. ನಿಮ್ಮಲ್ಲಿ ಏನು ತೇಯುತ್ತೀರಿ?” ಎಂದರು. ಎಲ್ಲವೂ ಹೊರಬಿದ್ದಿತು: ಎಷ್ಟು ಸುತ್ತು, ಯಾವ ಜೇನು, ಎಷ್ಟು ದಿನದಿಂದ. ಅವರು ಗದರಲಿಲ್ಲ. ಜೇನಿನಲ್ಲಿ ಅಡಗಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜಾಣುವು ಎಳೆಗೂಸಿನ ಕರುಳಿನಲ್ಲಿ ಬೆಳೆದು, ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲುದೆಂದೂ, ಆದುದರಿಂದ ವರ್ಷ ತುಂಬುವವರೆಗೆ ಜೇನು ಕೂಡದೆಂದೂ ತಿಳಿಯಹೇಳಿದರು. ಬಜೆಯನ್ನು ಅಮೆರಿಕದಲ್ಲಿ ೧೯೬೮ರಲ್ಲಿಯೇ ಆಹಾರದಿಂದ ನಿಷೇಧಿಸಿದರೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿದರು. ಮೊದಲು ಕೇಳಿದ ತರುಣನೂ ಆ ಗುಂಪಿನಲ್ಲಿದ್ದನು. ಅವನ ಕಿವಿ ಕೆಂಪಾದುದನ್ನು ಕಂಡು ನಮಗೆ ಕನಿಕರವೇ ಆಯಿತು. ಹಾಗೆ ಕೇಳುವುದನ್ನು ಅವನಿಗೆ ಕಲಿಸಿದವರಾದರೂ ಯಾರು?

ಮಗುವಿನ ಜ್ವರಕ್ಕೆ ಕಾರಣ ಬೇರೆಯೇ ಆಗಿತ್ತು. ನಾಲ್ಕನೆಯ ದಿನ ಮನೆಗೆ ಕರೆತಂದೆವು. ಕಾರಣವು ಜೇನೇ ಆಗಿದ್ದ ಪಕ್ಷದಲ್ಲಿ ನಮ್ಮ ಮೌನಕ್ಕೆ ಏನು ಬೆಲೆ ತೆರಬೇಕಾಗುತ್ತಿತ್ತೋ ಎಂಬ ಯೋಚನೆಯು ಮಾತ್ರ ಬಹು ದಿನ ಬಿಡಲಿಲ್ಲ.

ಮೈಸೂರಿನ ಆಯುರ್ವೇದ ಕಾಲೇಜು ೧೯೦೮ರಲ್ಲಿ ಸ್ಥಾಪಿತವಾಯಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೆಡಿಕಲ್ ಕಾಲೇಜು ೧೯೩೦ರಲ್ಲಿ ಮೈಸೂರಿಗೇ ಬಂದಿತು. ಎರಡೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದವು, ಒಂದೇ ಊರಿನವು. ಆದರೂ ಒಂದರಲ್ಲಿ ಓದಿದವನಿಗೆ ಇನ್ನೊಂದರ ಭಾಷೆ ತಿಳಿಯದು. ೨೦೨೧ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ತನ್ನ ನಿಯಮಗಳಲ್ಲಿ ಇಂಟರ್ನ್‌ಗಳಿಗೆ ಭಾರತೀಯ ವೈದ್ಯಪದ್ಧತಿಗಳಲ್ಲೊಂದರಲ್ಲಿ ಒಂದು ವಾರದ ಅಭ್ಯಾಸವನ್ನು ಸೇರಿಸಿತು. ಅರಿಜೋನಾ ವಿಶ್ವವಿದ್ಯಾಲಯದವರು ೨೦೧೨ರ ಸುಮಾರಿನಲ್ಲಿ ಮಕ್ಕಳ ವೈದ್ಯರಾಗಲಿರುವವರಿಗಾಗಿಯೇ ೧೦೦ ಗಂಟೆಗಳ ಸಮನ್ವಯ ವೈದ್ಯದ ಪಾಠಕ್ರಮವನ್ನು ಪ್ರಯೋಗಕ್ಕೆ ತಂದರು. ನಮ್ಮ ಒಂದು ವಾರವು ಸ್ವಲ್ಪವೇ. ಅದಕ್ಕಿಂತಲೂ, ಆ ಪಾಠವು ನಡೆಯಬೇಕಾದುದು ಮಕ್ಕಳ ವಾರ್ಡಿನ ಮಂಚದ ಬಳಿ, ಅಜ್ಜಿಯ ಎದುರಿನಲ್ಲಿ.

ಸಂಸ್ಕೃತದವರಾದ ನಾವು ಹಳೆಯದರ ಪಕ್ಷ ಹಿಡಿಯುತ್ತೇವೆಂದು ವಾಚಕರು ಶಂಕಿಸಬಾರದು. ೨೦೦೩ರಲ್ಲಿ ಬಾಸ್ಟನ್ ನಗರದ ಸುತ್ತಲಿನ ಅಂಗಡಿಗಳಲ್ಲಿ ಕೊಂಡ ೭೦ ಆಯುರ್ವೇದೀಯ ಔಷಧಗಳನ್ನು ಪರೀಕ್ಷಿಸಲು, ೧೪ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದವು. ಇದನ್ನೂ ವಿದ್ಯಾರ್ಥಿಯು ತಿಳಿದಿರಬೇಕು. ಆದರೆ ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬುದೊಂದುಂಟು. ಮಾತು ಬಾರದ ಕೂಸಿನ ನೋವನ್ನು ಅರಿಯುವ ಬಗೆ ಅದರ ವಿಷಯ: ತಲೆನೋವಾದರೆ ಶಿಶುವು ತಲೆಯನ್ನು ಹೊರಳಿಸುವುದು, ಕಿವಿನೋವಾದರೆ ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುವುದು. ಇಂದಿನ ಮಕ್ಕಳ ವೈದ್ಯನು ಇದರಲ್ಲಿ ತಕರಾರು ತೆಗೆಯಲಾರನು.

ಸಾಣೆಕಲ್ಲು ಈಗ ಅಟ್ಟದ ಮೇಲಿದೆ. ಮನೆಯಾಕೆಯು ಮಾತ್ರ ಪಂಚಾಂಗದಲ್ಲಿ ಮಗುವಿಗೆ ವರ್ಷ ತುಂಬುವ ದಿನವನ್ನು ಗುರುತು ಹಾಕಿಟ್ಟಿದ್ದಾರೆ. ಜೇನಿನ ಸೀಸೆಯನ್ನು ಇನ್ನೂ ಎಸೆದಿಲ್ಲ.